ಬೋರ್‌ವೆಲ್ ಪುಡಿಯಲ್ಲಿ ಹೊಳೆದದ್ದು ಬಂಗಾರವಾ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ, ಕಪ್ಪತಗುಡ್ಡದ ಸೆರಗಿನ ಊರು. ಹೋದ ತಿಂಗಳು ಹೊಲದಲ್ಲಿ ಬೋರ್‌ವೆಲ್ ಹಾಕಿಸಿದ್ವಿ. 300 ಅಡಿ ದಾಟಿದ ಮೇಲೆ ಬಂದ ಕಲ್ಲಿನ ಪುಡಿಯಲ್ಲಿ ಹಳದಿ ಕಣಗಳು ಹೊಳೀತಿದ್ವು. ನಮ್ಮಜ್ಜ "ಗುಡ್ಡದ ಹಳ್ಳದಾಗ ಬಂಗಾರ ಸಿಗ್ತಿತ್ತು" ಅಂತಿದ್ದರು. ಈಗ ಒಬ್ಬರು ಬಂದು, ಭೂಮಿಯೊಳಗಿನ ಬಂಗಾರ ತೋರಿಸುವ ಮಷೀನ್ ಇದೆ, 40 ಸಾವಿರ ಕೊಟ್ಟರೆ ಜಾಗ ಗುರುತು ಮಾಡಿ ಕೊಡ್ತೀನಿ ಅಂತಿದ್ದಾರೆ. ಕೊಡಬಹುದಾ? ಇಷ್ಟಕ್ಕೂ ಕೋಲಾರ, ಹಟ್ಟಿಯಲ್ಲಿ ಬಂಗಾರ ಇದೆ ಅಂತ ಮೊದಲು ಗೊತ್ತಾದದ್ದು ಹೇಗೆ ಸರ್?

ಉತ್ತರ: ದುಡ್ಡು ಕೊಡಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದನ್ನು ನಿಧಾನವಾಗಿ ಮಾತಾಡೋಣ.

ಕಲ್ಲಿನೊಳಗೆ ಪುಡಿಪುಡಿಯಾಗಿ ಹರಡಿಕೊಂಡ ಬಂಗಾರವನ್ನು ಹೊಲದ ಮೇಲೆ ನಡೆದಾಡಿ, ನೂರಾರು ಅಡಿ ಕೆಳಗಿನದನ್ನು ತೋರಿಸುವ ಮಷೀನ್ ಇಲ್ಲ. ಮೆಟಲ್ ಡಿಟೆಕ್ಟರ್ ಇರುವುದು ನಿಜ. ಮಣ್ಣಿನ ಮೇಲ್ಪದರದಲ್ಲಿ, ಅಡಿ ಎರಡಡಿ ಒಳಗೆ ಬಂಗಾರದ ಗಟ್ಟಿ ಇದ್ದರೆ ಅದು ಕೂಗುತ್ತದೆ. ಆಸ್ಟ್ರೇಲಿಯಾದಲ್ಲಿ ಅಂಥ ಗಟ್ಟಿಗಳು ಸಿಗುತ್ತವೆ. 1869ರಲ್ಲಿ ಅಲ್ಲಿನ ವಿಕ್ಟೋರಿಯಾ ಪ್ರಾಂತದಲ್ಲಿ ಸಿಕ್ಕ 'ವೆಲ್ಕಮ್ ಸ್ಟ್ರೇಂಜರ್' ಎಂಬ ಗಟ್ಟಿಯಲ್ಲಿ 70 ಕೆಜಿಗೂ ಜಾಸ್ತಿ ಬಂಗಾರವಿತ್ತು. ಅದು ಇದ್ದದ್ದು ಮೇಲಿನ ಮಣ್ಣಿನಿಂದ ಕೆಲವೇ ಬೆರಳು ಕೆಳಗೆ! ಆದರೆ ನಿಮ್ಮ ಬೋರ್‌ವೆಲ್‌ನ 300 ಅಡಿಗೂ ಆ ಮಷೀನಿಗೂ ಸಂಬಂಧವಿಲ್ಲ.

ಈಗ ನಿಮ್ಮ ಹಳದಿ ಕಣಕ್ಕೆ ಬರೋಣ. ಅದನ್ನು ನೋಡದೆ ಹೇಳುವುದು ಕಷ್ಟ. ಆದರೆ ಮನೆಯಲ್ಲೇ ನೀವು ನೋಡಬಹುದು. ಒಂದು ಚಿಟಿಕೆ ಪುಡಿಯನ್ನು ಬಿಳಿ ತಟ್ಟೆಗೆ ಹಾಕಿ, ನೆರಳಿಗೆ ತನ್ನಿ. ಬಿಸಿಲಲ್ಲಿ ಝಗಮಗ ಅಂದದ್ದು ನೆರಳಲ್ಲಿ ಮಂಕಾಯಿತಾ? ತಟ್ಟೆ ತಿರುಗಿಸಿದರೆ ಒಂದು ಕಡೆಯಿಂದ ಹೊಳೆದು ಇನ್ನೊಂದು ಕಡೆಯಿಂದ ಮಾಯವಾಗುತ್ತದಾ? ಸೂಜಿ ಮೊನೆಯಿಂದ ಒತ್ತಿದರೆ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದಾ? ಹಾಗಾದರೆ ಅದು ಅಭ್ರಕ. ನಮ್ಮ ಹಿರಿಯರು ಅದಕ್ಕೆ ಇಟ್ಟ ಹೆಸರು ಎಷ್ಟು ಚೆನ್ನಾಗಿದೆ ನೋಡಿ: ಕಾಗೆ ಬಂಗಾರ. ಕಪ್ಪು ಅಭ್ರಕ ಹಳತಾಗುತ್ತಾ ಬಂದಂತೆ ಒಳ್ಳೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ನೀರಿಗೆ ಹಾಕಿ ಕುಲುಕಿದರೆ ನೀರಿನ ಜೊತೆಗೇ ಹೋಗಿಬಿಡುತ್ತದೆ.

ಸೂಜಿ ಒತ್ತಿದಾಗ ಕಣ ಪಟ್ಟನೆ ಒಡೆದು ಪುಡಿಯಾದರೆ ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಬೋರ್‌ವೆಲ್ ಪುಡಿಯಲ್ಲಿ ಆಳದಿಂದ ಬರುವ ಹಳದಿ ಹೊಳಪು ಬಹಳ ಸಲ ಇದೇ. ಸ್ವಲ್ಪ ದೊಡ್ಡ ಚೂರು ಸಿಕ್ಕರೆ, ಟೈಲ್ಸಿನ ಹಿಂಬದಿಯ ಹೊಳಪಿಲ್ಲದ ಭಾಗಕ್ಕೆ ತಿಕ್ಕಿ. ಪೈರೈಟ್ ಬಿಡುವ ಗೆರೆ ಹಸಿರು ಮಿಶ್ರಿತ ಕಪ್ಪು. ಬಂಗಾರ ಬಿಡುವ ಗೆರೆ ಬಂಗಾರದ ಬಣ್ಣದ್ದೇ. ಅಕ್ಕಸಾಲಿಗರ ಒರೆಗಲ್ಲು ಮಾಡುವುದೂ ಇದೇ ಕೆಲಸ, ಅಲ್ವಾ? ಭೂವಿಜ್ಞಾನದ ಮೊದಲ ವರ್ಷದಲ್ಲಿ ನಮಗೆ ಈ ಪರೀಕ್ಷೆ ಹೇಳಿಕೊಟ್ಟಾಗ, ಮನೆಯಲ್ಲಿ ಅಕ್ಕಸಾಲಿಕೆ ನಡೆಯುತ್ತಿದ್ದ ನನ್ನ ಸಹಪಾಠಿ "ಇದಕ್ಕೆ ಕಾಲೇಜಿಗೆ ಬರಬೇಕಿತ್ತಾ" ಅಂತ ನಕ್ಕಿದ್ದ.

ನಿಜವಾದ ಬಂಗಾರ ಸೂಜಿಗೆ ಒಡೆಯುವುದಿಲ್ಲ, ತಗ್ಗು ಬೀಳುತ್ತದೆ. ತಟ್ಟಿದರೆ ಚಪ್ಪಟೆಯಾಗುತ್ತದೆ. ನೆರಳಲ್ಲೂ ಬಿಸಿಲಲ್ಲೂ ಅದೇ ಬಣ್ಣ. ತೂಕವಂತೂ ಕೇಳಬೇಡಿ. ನೀರಿಗಿಂತ 19 ಪಟ್ಟು ಜಾಸ್ತಿ, ಪೈರೈಟ್ ಬರೀ ಐದು ಪಟ್ಟು. ಆ ತೂಕವನ್ನೇ ನಂಬಿ ನಿಮ್ಮ ಗುಡ್ಡದ ಹಳ್ಳಗಳಲ್ಲಿ ಜನ ಬದುಕಿದ್ದರು.

ನಿಮ್ಮಜ್ಜ ಹೇಳಿದ್ದು ಕಟ್ಟುಕಥೆಯಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಡಂಬಳದ ಗುಡ್ಡಗಳ ಬಂಗಾರದ ಬಂಡೆಗಳ ಬಗ್ಗೆ 1874ರಲ್ಲೇ ವರದಿ ಬರೆದಿದ್ದಾರೆ. ಡಂಬಳದ ಗುಡ್ಡ ಅಂದರೆ ನಿಮ್ಮ ಕಪ್ಪತಗುಡ್ಡವೇ. ಅಲ್ಲಿನ ಹಳ್ಳಗಳ ಮರಳು ತೊಳೆದು ಬಂಗಾರ ತೆಗೆಯುವವರಿಗೆ ಜಲಗಾರರು ಅಂತ ಹೆಸರಿತ್ತು. ಜೋರು ಮಳೆಯಾಗಿ ಹಳ್ಳ ಇಳಿದ ಮೇಲೆ ಅವರ ಸುಗ್ಗಿ. ಹಳ್ಳದ ತಿರುವಿನಲ್ಲಿ, ಬಂಡೆಯ ಸಂದಿಯಲ್ಲಿ ನಿಂತ ಮರಳನ್ನು ಮರದ ಮರಿಗೆಗೆ ತುಂಬಿ, ನೀರಲ್ಲಿ ಅದ್ದಿ ಅದ್ದಿ ತಿರುಗಿಸುವುದು. ಹಗುರ ಮರಳು ಹೊರಗೆ ಹೋಗುತ್ತದೆ. ಕೊನೆಗೆ ಅಡಿಯಲ್ಲಿ ಒಂದು ಎಳೆ ಕರಿ ಮರಳು, ಅದೃಷ್ಟವಿದ್ದರೆ ಅದರ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಎರಡು ಕಣ. ಕ್ಯಾಲಿಫೋರ್ನಿಯಾದ ಕೊಲೊಮಾದಲ್ಲಿ 1848ರ ಜನವರಿಯಲ್ಲಿ ಜೇಮ್ಸ್ ಮಾರ್ಷಲ್ ಕಣ್ಣಿಗೆ ಬಂಗಾರ ಬಿದ್ದ ಮೇಲೆ ಲಕ್ಷಾಂತರ ಜನ ಅಲ್ಲಿಗೆ ಓಡಿದರಲ್ಲ, ಅವರೂ ಮೊದಲು ಮಾಡಿದ್ದು ಇದನ್ನೇ. ಅವರದು ತಗಡಿನ ತಟ್ಟೆ, ನಮ್ಮವರದು ಮರದ ಮರಿಗೆ, ಅಷ್ಟೇ ವ್ಯತ್ಯಾಸ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ ಹೋಗಬಹುದು. ಕೋಲಾರದ ಬಂಗಾರವನ್ನು "ಕಂಡುಹಿಡಿದದ್ದು" ಯಾರು? ಪುಸ್ತಕಗಳಲ್ಲಿ ಸಿಗುವ ಹೆಸರು ಲೆಫ್ಟಿನೆಂಟ್ ಜಾನ್ ವಾರನ್. ಟಿಪ್ಪು ತೀರಿಕೊಂಡ ಮೇಲೆ ಮೈಸೂರಿನ ಗಡಿ ಗುರುತಿಸುವ ಸರ್ವೆ ನಡೆಯುತ್ತಿತ್ತು. 1802ರಲ್ಲಿ ಆ ಕೆಲಸದ ಮೇಲೆ ಹೋದ ವಾರನ್ ಕಿವಿಗೆ ಊರಿಗಾಂ ಕಡೆ ಮಣ್ಣಿನಲ್ಲಿ ಬಂಗಾರವಿದೆ ಎಂಬ ಮಾತು ಬಿತ್ತು. ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಊರಿನವರು ಎತ್ತಿನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಎದುರೇ ತೊಳೆದು ಕಣಗಳನ್ನು ತೋರಿಸಿದರು. ಮಾರಿಕುಪ್ಪಂ ಹತ್ತಿರ ಇನ್ನೂ ದೊಡ್ಡದನ್ನು ಕಂಡ. ಮೂವತ್ತು ನಲವತ್ತು ಅಡಿ ಆಳದ ಹಳೆಯ ಗುಂಡಿಗಳಿಗೆ ಜನ ಇಳಿಯುತ್ತಿದ್ದರು. ಕಲ್ಲನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಮೇಲೆ ತರುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ತೊಳೆಯುತ್ತಿದ್ದರು.

ಅಂದರೆ ವಾರನ್ ಕಂಡುಹಿಡಿದದ್ದು ಬಂಗಾರವನ್ನಲ್ಲ, ಬಂಗಾರ ತೆಗೆಯುವ ಜನರನ್ನು! ಕೆಜಿಎಫ್‌ನ ಚರಿತ್ರೆ ಓದುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಬಹುಮಾನದ ಆಸೆಗೆ ಗಾಡಿ ಹೊಡೆದುಕೊಂಡು ಬಂದವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ.

ವಾರನ್ ವರದಿ ಸುಮಾರು ಎಪ್ಪತ್ತು ವರ್ಷ ಧೂಳು ತಿಂದಿತು. 1871ರ ಹೊತ್ತಿಗೆ ಬೆಂಗಳೂರಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಅದನ್ನು ಓದಿದ. ನ್ಯೂಜಿಲೆಂಡಿನ ಯುದ್ಧದಿಂದ ಬಂದವನು, ಬಂಗಾರದ ಹುಚ್ಚು ಅಲ್ಲಿಂದಲೇ ಹತ್ತಿತ್ತು. ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಹೋಗಿ ಓಡಾಡಿದ, ಮೈಸೂರು ಸರ್ಕಾರದ ಬೆನ್ನು ಬಿದ್ದು ಪರವಾನಗಿ ಪಡೆದ. ಆದರೆ ಅಷ್ಟು ಆಳ ತೋಡುವ ಶಕ್ತಿ ಅವನಿಗಿರಲಿಲ್ಲ, ಹಕ್ಕನ್ನು ಬೇರೆಯವರಿಗೆ ಮಾರಿದ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅವರೂ ಮೊದಲ ಕೆಲವು ವರ್ಷ ಸುಮ್ನೆ ದುಡ್ಡು ಸುರಿದರು. ತೋಡಿದಲ್ಲೆಲ್ಲ ಬರೀ ಕಲ್ಲು. ಷೇರುದಾರರು ಮುಚ್ಚಿಬಿಡಿ ಎನ್ನುವ ಹಂತಕ್ಕೆ ಬಂದಿದ್ದರು. ಇದ್ದಬದ್ದ ಹಣದಲ್ಲಿ ಕೊನೆಯ ಪ್ರಯತ್ನ ಮಾಡಿದ್ದು ಕ್ಯಾಪ್ಟನ್ ಪ್ಲಮರ್. ಆತ ಹೊಸ ಜಾಗ ಹುಡುಕಲಿಲ್ಲ. ಹಿಂದಿನವರ ಹಳೆಯ ಗುಂಡಿಗಳ ಜಾಡು ಹಿಡಿದು, ಅವರು ನಿಲ್ಲಿಸಿದ ಕಡೆಯಿಂದ ಕೆಳಗೆ ಇಳಿದ. ಚಾಂಪಿಯನ್ ರೀಫ್ ಎಂಬ ಬಂಗಾರದ ಪಟ್ಟೆ ಸಿಕ್ಕಿದ್ದು ಹೀಗೆ. ನೀರು ತುಂಬಿಕೊಂಡದ್ದಕ್ಕೋ ಗಾಳಿ ಸಾಲದ್ದಕ್ಕೋ ಹಳಬರು ಬಿಟ್ಟ ಜಾಗದಲ್ಲಿ ಪಂಪು, ಯಂತ್ರ ಇದ್ದವರು ಮುಂದುವರಿದರು. ಮುಂದೆ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಮೀ ದೂರ ತಂತಿ ಎಳೆದು ಕರೆಂಟ್ ತಂದದ್ದು ಈ ಗಣಿಗಳಿಗಾಗಿಯೇ.

ಹಟ್ಟಿಯ ಕಥೆ ಇನ್ನೂ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಆ ಗಣಿಯಲ್ಲಿ ಹಿಂದಿನವರು 600 ಅಡಿಗಿಂತಲೂ ಆಳಕ್ಕೆ ಇಳಿದಿದ್ದರು. ಒಳಗೆ ಸಿಕ್ಕ ಹಳೆಯ ಮರದ ತುಂಡುಗಳ ಕಾಲ ಪರೀಕ್ಷೆ ಮಾಡಿದಾಗ ಸುಮಾರು ಎರಡು ಸಾವಿರ ವರ್ಷ ಎಂದು ಬಂತು. ಡೈನಮೈಟ್ ಇಲ್ಲದ ಕಾಲ. ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕುವುದು, ಕಾದ ಕಲ್ಲಿಗೆ ನೀರು ಎರಚುವುದು, ಬಿರುಕು ಬಿಟ್ಟದ್ದನ್ನು ಕೀಳುವುದು. ಆ ಹೊಗೆಯಲ್ಲಿ, ಆ ಆಳದಲ್ಲಿ ಉಸಿರಾಡಿದ್ದಾದರೂ ಹೇಗೆ? ನಾನು ಆ ಕಡೆಯ ಬಂಡೆಗಳ ಮೇಲೆ ಅದಿರು ಅರೆದ ಗುಳಿಗಳಲ್ಲಿ ಕೈಯಿಟ್ಟು ನೋಡಿದ್ದೇನೆ. ನುಣ್ಣಗೆ, ಅಡುಗೆಮನೆಯ ಒರಳಿನ ಹಾಗೆ.

ಅಲ್ಲೇ ಹತ್ತಿರದ ಮಸ್ಕಿಯಲ್ಲಿ ಇನ್ನೊಂದು ಸ್ವಾರಸ್ಯ ನಡೆಯಿತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರ ಹುಡುಕುತ್ತಾ ಬೆಟ್ಟ ಹತ್ತಿದ. ಕಣ್ಣಿಗೆ ಬಿದ್ದದ್ದು ಶಾಸನ. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ 'ಅಶೋಕ' ಎಂಬ ಹೆಸರೂ ಅದರಲ್ಲಿತ್ತು. ಆಗ ಗೊತ್ತಿದ್ದ ಬೇರೆ ಶಾಸನಗಳಲ್ಲಿ ಇದ್ದದ್ದು ಬಿರುದು ಮಾತ್ರ. ಬಂಗಾರ ಹುಡುಕಲು ಹೋದವನಿಗೆ ಸಾಮ್ರಾಟನ ಹೆಸರು ಸಿಕ್ಕಿತು! ಮೌರ್ಯರು ಇಷ್ಟು ದೂರ ಬಂದು ಬಂಡೆಗೆ ಶಾಸನ ಕೆತ್ತಿಸಿದ್ದಕ್ಕೂ ಈ ನೆಲದ ಬಂಗಾರಕ್ಕೂ ಸಂಬಂಧವಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಬರುವ ಅವರ ದಕ್ಷಿಣದ ಆಡಳಿತ ಕೇಂದ್ರದ ಹೆಸರೇ ಸುವರ್ಣಗಿರಿ.

ಸರಿ, ಕೋಲಾರ, ಹಟ್ಟಿ, ಗದಗ, ಈ ಜಾಗಗಳಲ್ಲೇ ಯಾಕೆ? ಮಂಡ್ಯದಲ್ಲೋ ಮಂಗಳೂರಲ್ಲೋ ಯಾಕಿಲ್ಲ ಇಂಥ ಗಣಿ? ಭೂಮಿಯ ಮೇಲ್ಪದರದ ಕಲ್ಲಿನಲ್ಲೆಲ್ಲ ಬಂಗಾರ ಇದ್ದೇ ಇದೆ, ಟನ್ನಿಗೆ ಒಂದು ಗ್ರಾಂನ ಸಾವಿರದ ಕೆಲವೇ ಪಾಲಿನಷ್ಟು. ಗಣಿ ನಡೆಸಬೇಕಾದರೆ ಟನ್ನಿಗೆ ಎರಡು ಮೂರು ಗ್ರಾಂ ಆದರೂ ಬೇಕು. ಅಂದರೆ ಯಾರೋ ಅದನ್ನು ಸಾವಿರ ಪಟ್ಟು ಒಟ್ಟುಗೂಡಿಸಿ ಕೊಡಬೇಕು. ಆ ಕೆಲಸ ಮಾಡಿದ್ದು ಬಿಸಿನೀರು.

ಈ ಮೂರೂ ಜಾಗಗಳು ಕಪ್ಪುಹಸಿರು ಶಿಲೆಗಳ ಉದ್ದನೆಯ ಪಟ್ಟಿಗಳ ಮೇಲಿವೆ. ಕೋಲಾರದ ಪಟ್ಟಿ ಸುಮಾರು 80 ಕಿಮೀ ಉದ್ದ, ಅಗಲ ನಾಲ್ಕಾರು ಕಿಮೀ ಅಷ್ಟೇ. ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದಡಿ ಉಕ್ಕಿದ ಲಾವಾ, ಆಮೇಲೆ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡು ಈಗಿನ ರೂಪಕ್ಕೆ ಬಂದಿದೆ. ಹಾಗೆ ಮಡಿಚುವಾಗ ನೆಲದಾಳದಲ್ಲಿ ದೊಡ್ಡ ಸೀಳುಗಳು ಬಿದ್ದವು. ಕಿಲೋಮೀಟರ್‌ಗಟ್ಟಲೆ ಆಳದಿಂದ 300 ಡಿಗ್ರಿಗಿಂತ ಬಿಸಿಯಾದ ನೀರು ಆ ಸೀಳುಗಳಲ್ಲಿ ಮೇಲೇರಿತು. ಆ ನೀರಿನಲ್ಲಿ ಗಂಧಕವಿತ್ತು. ಬಂಗಾರ ಬರೀ ನೀರಿನಲ್ಲಿ ಕರಗದು, ಆದರೆ ಬಿಸಿನೀರಿನ ಗಂಧಕದ ಕೈ ಹಿಡಿದು ಹೊರಟುಬಿಡುತ್ತದೆ. ದಾರಿಯಲ್ಲಿ ಕಬ್ಬಿಣ ಜಾಸ್ತಿ ಇರುವ ಕಪ್ಪು ಕಲ್ಲು ಎದುರಾಯಿತು. ಗಂಧಕ ಬಂಗಾರದ ಕೈಬಿಟ್ಟು ಕಬ್ಬಿಣದ ಜೊತೆ ಸೇರಿ ಪೈರೈಟ್ ಆಯಿತು. ಬಂಗಾರ ಅಲ್ಲೇ ಕುಸಿದು ಕೂತಿತು. ಭೂಕಂಪದಲ್ಲಿ ಸೀಳು ತಟ್ಟನೆ ತೆರೆದು ಒತ್ತಡ ಇಳಿದಾಗಲೂ ಹೀಗೇ. ನೀರಿನಲ್ಲಿದ್ದ ಸಿಲಿಕಾ ಬೆಣಚುಕಲ್ಲಾಗಿ ಸೀಳನ್ನು ತುಂಬಿತು. ಬಿಳಿ ಬೆಣಚುಕಲ್ಲಿನ ಆ ಪಟ್ಟೆಯನ್ನೇ ಗಣಿಯವರು ರೀಫ್ ಅನ್ನುವುದು.

ಈಗ ಗೊತ್ತಾಯಿತಲ್ಲ, ಪೈರೈಟನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ಅದು ಬಂಗಾರವಲ್ಲ, ಆದರೆ ಕೆಲವು ಕಡೆ ಬಂಗಾರದ ನೆರೆಮನೆ. ಅದರ ಬಿಳಿಬಣ್ಣದ ದಾಯಾದಿ ಆರ್ಸೆನೊಪೈರೈಟ್ ಇನ್ನೂ ಹತ್ತಿರದ್ದು. ಅದರೊಳಗೆ ಬಂಗಾರ ಎಷ್ಟು ಸಣ್ಣಗೆ ಅಡಗಿರುತ್ತದೆ ಅಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದು. ಹೊಳೆಯುವುದೆಲ್ಲ ಬಂಗಾರವಲ್ಲ ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ಅದರ ಉಲ್ಟಾನೂ ನಿಜ. ಒಳ್ಳೆಯ ಅದಿರು ಎಷ್ಟೋ ಸಲ ಹೊಳೆಯುವುದೇ ಇಲ್ಲ, ಬೂದುಬಣ್ಣದ ಸಾದಾ ಕಲ್ಲಿನಂತಿರುತ್ತದೆ.

ಹಾಗಾದರೆ ಇಂದು ಹುಡುಕುವುದು ಹೇಗೆ? ಸಿನಿಮಾದಲ್ಲಿ ತೋರಿಸುವಂಥದ್ದು ಏನೂ ಇಲ್ಲ. ಮೊದಲು ನಕ್ಷೆ, ಆಮೇಲೆ ನಡಿಗೆ. ಹಳ್ಳದ ಕೆಸರು ತೆಗೆದು ಪರೀಕ್ಷಿಸುತ್ತೇವೆ. ಒಂದು ಹಳ್ಳದಲ್ಲಿ ಬಂಗಾರದ ಸುಳಿವು ಸಿಕ್ಕರೆ ಮೇಲಕ್ಕೆ ಹೋಗುತ್ತಾ ಪ್ರತಿ ಕವಲಿನಲ್ಲೂ ಮಾದರಿ ತೆಗೆಯುತ್ತೇವೆ. ಸುಳಿವು ಎಲ್ಲಿ ನಿಂತಿತೋ ಅದರ ಆಸುಪಾಸಿನ ಗುಡ್ಡದ ಮೇಲೆ ಅನುಮಾನ. ಜಲಗಾರರ ಲೆಕ್ಕವೇ ಇದು, ನಾವು ಲ್ಯಾಬ್ ಸೇರಿಸಿದ್ದೇವೆ ಅಷ್ಟೇ. ಹುತ್ತದ ಮಣ್ಣನ್ನೂ ತೆಗೆಯುತ್ತೇವೆ. ನಗಬೇಡಿ. ಗೆದ್ದಲು ಆಳದ ಮಣ್ಣನ್ನು ಪುಕ್ಕಟೆ ಮೇಲೆ ತಂದು ಕೊಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಂಗಾರದ ಅದಿರಿನ ಮೇಲೆ ಬೆಳೆದ ನೀಲಗಿರಿ ಜಾತಿಯ ಮರಗಳ ಎಲೆಗಳಲ್ಲೂ ಬಂಗಾರದ ಅತಿಸೂಕ್ಷ್ಮ ಕಣ ಇರುವುದನ್ನು ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಬೇರು ಆಳದ ನೀರಿನ ಜೊತೆ ಅದನ್ನು ಹೀರಿತ್ತು.

ಅನುಮಾನ ಗಟ್ಟಿಯಾದರೆ ಕಾಲುವೆ ತೋಡಿ ಬಂಡೆ ನೋಡುವುದು. ಅದಾದ ಮೇಲೆ ಕೊರೆಯುವುದು. ಅದು ನಿಮ್ಮ ಬೋರ್‌ವೆಲ್ ಥರ ಅಲ್ಲ. ಬೋರ್‌ವೆಲ್‌ನಲ್ಲಿ ಗಾಳಿ ಒತ್ತಡಕ್ಕೆ ಮೇಲಿನದೂ ಕೆಳಗಿನದೂ ಕಲಸಿಕೊಂಡು ಪುಡಿ ಬರುತ್ತದೆ. ನಾವು ವಜ್ರ ಕೂರಿಸಿದ ಬಿಟ್‌ನಿಂದ ಕಲ್ಲನ್ನು ಉದ್ದನೆಯ ಕೋಲಿನ ಹಾಗೆ ಇಡಿಯಾಗಿ ಕತ್ತರಿಸಿ ತೆಗೆಯುತ್ತೇವೆ. ಎಷ್ಟನೇ ಅಡಿಯದು ಎಂದು ಬರೆದು ಪೆಟ್ಟಿಗೆಯಲ್ಲಿಡುತ್ತೇವೆ. ಕೋಲನ್ನು ಉದ್ದಕ್ಕೆ ಸೀಳಿ, ಅರ್ಧ ಲ್ಯಾಬಿಗೆ, ಅರ್ಧ ಪೆಟ್ಟಿಗೆಯಲ್ಲೇ.

ಲ್ಯಾಬಿನಲ್ಲಿ ನಡೆಯುವುದೂ ಬಹಳ ಹಳೆಯ ವಿದ್ಯೆ. ಅರೆದ ಕಲ್ಲಿನ ಪುಡಿಗೆ ಸೀಸದ ಆಕ್ಸೈಡ್, ಬಿಳಿಗಾರ ಮುಂತಾದವು ಸೇರಿಸಿ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ಸೀಸ ಬಂಗಾರವನ್ನೆಲ್ಲ ಬಾಚಿಕೊಂಡು ತಳ ಸೇರುತ್ತದೆ. ಆ ಸೀಸದ ಗುಂಡನ್ನು ಮೂಳೆ ಬೂದಿಯ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಬಟ್ಟಲು ಸೀಸವನ್ನು ಕುಡಿದುಬಿಡುತ್ತದೆ. ಉಳಿಯುವುದು ಒಂದು ಚುಕ್ಕೆ, ಬೆಳ್ಳಿ ಬಂಗಾರ ಸೇರಿದ್ದು. ಬೆಳ್ಳಿಯನ್ನು ಆಸಿಡ್‌ನಲ್ಲಿ ಕರಗಿಸಿ, ಮಿಕ್ಕಿದ್ದನ್ನು ತೂಗುತ್ತಾರೆ. ಎರಡು ತಿಂಗಳು ಬಿಸಿಲಲ್ಲಿ ಅಲೆದು ಕಳಿಸಿದ ಮಾದರಿಗಳ ವರದಿಯಲ್ಲಿ ಸಾಲಾಗಿ 'ಇಲ್ಲ', 'ಇಲ್ಲ', 'ಇಲ್ಲ' ಎಂದು ಬಂದದ್ದನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಈ ಕೊರೆತದ ಮಾದರಿಯನ್ನೇ ನಂಬುವುದರಿಂದ ಮೋಸಕ್ಕೂ ದಾರಿಯಿದೆ. ಬ್ರೀ-ಎಕ್ಸ್ ಎಂಬ ಕೆನಡಾದ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಭಾರಿ ನಿಕ್ಷೇಪವಿದೆ ಎಂದು ಹೇಳಿ ಷೇರು ಬೆಲೆ ಆಕಾಶಕ್ಕೇರಿಸಿತ್ತು. 1997ರಲ್ಲಿ ಬಯಲಾಯಿತು, ಮಾದರಿಯ ಪುಡಿಗೆ ಹೊರಗಿನ ಬಂಗಾರ ಬೆರೆಸಿದ್ದರು. ಕಣಗಳ ಅಂಚು ಹೊಳೆಯಲ್ಲಿ ಉರುಳಿದಂತೆ ದುಂಡಗಿತ್ತು. ಬಂಡೆಯೊಳಗಿನ ಬಂಗಾರ ಹಾಗಿರುವುದಿಲ್ಲ. ಕಂಪನಿ ಸೊನ್ನೆಯಾಯಿತು, ನಂಬಿದವರ ಗಂಟೂ ಹೋಯಿತು. ಮೋಸವಿಲ್ಲದೆಯೂ ಮುಳುಗಬಹುದು. 1880ರ ಸುಮಾರಿಗೆ ವೈನಾಡಿನಲ್ಲಿ ಬಂಗಾರವಿದೆ ಎಂದು ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಬಂಗಾರ ಇತ್ತು, ಸುಳ್ಳಲ್ಲ. ಆದರೆ ತೆಗೆಯುವ ಖರ್ಚಿಗೆ ಸಾಲುವಷ್ಟು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲ ಬಾಗಿಲು ಹಾಕಿದವು. ನಿಮ್ಮ ಗದಗದ ಸುತ್ತಲೂ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬ್ರಿಟಿಷ್ ಕಂಪನಿಗಳು ಬಂದು ತೋಡಿ, ಬಹಳ ವರ್ಷ ನಿಲ್ಲದೆ ಹೋದವು.

ಇದಕ್ಕೇ ನಾನು ಸುದ್ದಿ ಕೇಳಿದಾಗ ಮೊದಲು ಲೆಕ್ಕ ಮಾಡುವುದು. 2020ರ ಫೆಬ್ರವರಿ ನೆನಪಿದೆಯಾ? ಉತ್ತರ ಪ್ರದೇಶದ ಸೋನಭದ್ರದಲ್ಲಿ ಮೂರು ಸಾವಿರ ಟನ್‌ಗೂ ಜಾಸ್ತಿ ಬಂಗಾರ ಸಿಕ್ಕಿತು ಎಂದು ಟಿವಿಯವರು ಕುಣಿದರು. ಎರಡೇ ದಿನಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಸ್ಪಷ್ಟನೆ ಕೊಟ್ಟಿತು. ಅಲ್ಲಿರುವುದು ಸುಮಾರು 52,800 ಟನ್ ಅದಿರು, ಟನ್ನಿಗೆ ಸರಾಸರಿ 3.03 ಗ್ರಾಂ ಬಂಗಾರ. ಗುಣಿಸಿ ನೋಡಿ. 160 ಕೆಜಿ! ಟನ್ನಿನ ಲೆಕ್ಕದಲ್ಲಿದ್ದದ್ದು ಕಲ್ಲು. ಟನ್ನಿಗೆ ಮೂರು ಗ್ರಾಂ ಅಂದರೆ ಒಂದು ಟನ್ ಕಲ್ಲು ಪುಡಿ ಮಾಡಿದರೆ ಹೆಚ್ಚುಕಡಿಮೆ ಕಡಲೆ ಕಾಳಿನಷ್ಟು ಬಂಗಾರದ ತುಣುಕು. ಕೆಜಿಎಫ್ ಸುಮಾರು 120 ವರ್ಷದಲ್ಲಿ 800 ಟನ್‌ಗೂ ಹೆಚ್ಚು ಬಂಗಾರ ಕೊಟ್ಟಿತು, ಅದೂ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು. ಕೊನೆಗೆ ಅದಿರು ಬಡವಾಗಿ, ಖರ್ಚು ಬೆಲೆಯನ್ನು ಮೀರಿ, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಬಂಗಾರ ಪೂರ್ತಿ ಮುಗಿದು ಮುಚ್ಚಿದ್ದಲ್ಲ.

ನಿಮ್ಮ ಹೊಲಕ್ಕೆ ವಾಪಸ್ ಬರುತ್ತೇನೆ. ಕುತೂಹಲ ತೀರಬೇಕಾದರೆ ಆ ಪುಡಿಯ ಒಂದೆರಡು ಕೆಜಿಯನ್ನು ಮಾನ್ಯತೆ ಇರುವ ಖನಿಜ ಪರೀಕ್ಷಾ ಲ್ಯಾಬಿಗೆ ಕೊಟ್ಟು, ಮೇಲೆ ಹೇಳಿದ ಕುಲುಮೆ ಪರೀಕ್ಷೆ ಮಾಡಿಸಿ. ಮಷೀನಿನವರು ಕೇಳಿದ 40 ಸಾವಿರದ ಮುಂದೆ ಅದರ ಖರ್ಚು ತೀರಾ ಸಣ್ಣದು. ಆಭರಣದ ಅಂಗಡಿಯ ಪರೀಕ್ಷಾ ಯಂತ್ರಕ್ಕೆ ಕಲ್ಲು ಒಡ್ಡಬೇಡಿ. ಅದು ಒಡವೆಯ ಶುದ್ಧತೆ ನೋಡುವುದು. ಟನ್ನಿಗೆ ನಾಲ್ಕು ಗ್ರಾಂ ಎಂಬಂಥ ಸಣ್ಣ ಲೆಕ್ಕ ಅದಕ್ಕೆ ಸಿಗದು. ಪಾದರಸ ಹಾಕಿ ಮನೆಯಲ್ಲೇ ತೆಗೆದು ನೋಡೋಣ ಅಂತ ಯಾರಾದರೂ ಹೇಳಿದರೆ ಅವರನ್ನು ಬಾಗಿಲಿಂದಾಚೆ ಕಳಿಸಿ. ಅದರ ಆವಿ ನರಗಳನ್ನೇ ತಿನ್ನುತ್ತದೆ. ಒಂದು ವೇಳೆ ಬಂಗಾರ ಇದೆ ಎಂದೇ ಬಂದರೂ, ಹೊಲ ನಿಮ್ಮದಾದರೂ ಪರವಾನಗಿ ಇಲ್ಲದೆ ಗಣಿ ಕೆಲಸ ಮಾಡಲು 1957ರ ಗಣಿ ಕಾಯ್ದೆ ಬಿಡುವುದಿಲ್ಲ. ಗುಡ್ಡದ ಕಡೆಯಂತೂ ಹೋಗಲೇಬೇಡಿ, ಕಪ್ಪತಗುಡ್ಡ 2019ರಿಂದ ವನ್ಯಧಾಮ.

ಇನ್ನೊಂದು ಮಾತು, ನೀವು ಕೇಳದೇ ಇದ್ದದ್ದು. ಆ ಹಳದಿ ಕಣ ಪೈರೈಟ್ ಆಗಿದ್ದರೆ ಅದರ ಜೊತೆ ಆರ್ಸೆನೊಪೈರೈಟ್ ಕೂಡ ಇರುವ ಸಾಧ್ಯತೆ ನಿಮ್ಮ ಭಾಗದ ಬಂಡೆಗಳಲ್ಲಿ ಇದೆ. ಅದರಲ್ಲಿರುವ ಆರ್ಸೆನಿಕ್ ಎಂಬ ವಿಷ ನೀರಿಗೆ ಇಳಿಯಬಹುದು. ಹಟ್ಟಿ ಸುತ್ತಲಿನ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಅದು ಸಿಕ್ಕಿದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದರೆ ಅಂಗೈ ಅಂಗಾಲು ಗಡುಸಾಗುತ್ತವೆ, ಚರ್ಮದ ಮೇಲೆ ಕಲೆ ಬೀಳುತ್ತವೆ, ಕ್ಯಾನ್ಸರ್ ಕೂಡ ಬರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಹಾಗಾಗಿ ಲ್ಯಾಬಿಗೆ ಹೋಗುವಾಗ ಕಲ್ಲಿನ ಪುಡಿಯ ಚೀಲದ ಜೊತೆ ಒಂದು ಬಾಟಲಿ ಬೋರ್‌ವೆಲ್ ನೀರನ್ನೂ ತಗೊಂಡು ಹೋಗಿ. ಆರ್ಸೆನಿಕ್ ನೋಡಿ ಅಂತ ಬಾಯಿಬಿಟ್ಟು ಹೇಳಿ, ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. ವರದಿ ಬರುವ ತನಕ ಆ ನೀರನ್ನು ಬೆಳೆಗೆ ಬಿಡಿ, ಮಕ್ಕಳಿಗೆ ಕುಡಿಸಬೇಡಿ.